ಸೀಟು ಸಿಕ್ಕರೆ ಸಾಲದು, ಸನದು ಕೈಗೆ ಬರಬೇಕು

ಎಂ.ಟೆಕ್. ಸೇರುವ ಬಾಗಿಲು, ಮುಗಿಸುವ ಬಾಗಿಲು: ಉಮ್ಮ-ಬಾಪ ತಿಳಿದಿರಬೇಕಾದ ಲೆಕ್ಕ

ಬಿ.ಇ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಸಾಮಾನ್ಯವಾಗಿ ಎರಡೇ ಮಾತು. ಹುಡುಗನಾದರೆ ‘ವೀಸಾ ಯಾವಾಗ?’ ಹುಡುಗಿಯಾದರೆ ‘ಮದುವೆ ಯಾವಾಗ?’ ಈಚೆಗೆ ಮೂರನೆಯ ಮಾತೊಂದನ್ನು ಮಕ್ಕಳೇ ಎತ್ತುತ್ತಿದ್ದಾರೆ: ‘ಎಂ.ಟೆಕ್. ಮಾಡ್ಲಾ?’ ಏನು ಹೇಳಬೇಕೆಂದು ತಿಳಿಯದ ಹೆತ್ತವರು ಮದ್ರಸದ ಬಾಗಿಲಿಗೂ ಬಂದು ಕೇಳುತ್ತಾರೆ. ನಾವು ಇಂಜಿನಿಯರ್ ಅಲ್ಲ, ಪಿಯುಸಿ ಮುಗಿಸಿ ದೀನೀ ಕಲಿಕೆಯ ಕಡೆಗೆ ಬಂದವರು. ಆದರೆ ಕೇಳಿ ಬಂದವರನ್ನು ‘ಗೊತ್ತಿಲ್ಲ’ ಅಂತ ಕಳಿಸುವುದು ಉಸ್ತಾದನ ಕೆಲಸವಲ್ಲ. ನಿಯಮಗಳನ್ನು ಓದಿ, ಕಲಿತವರಲ್ಲಿ ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಘಟ್ಟದ ಕೆಳಗಿನ ನಮ್ಮವರು ವ್ಯಾಪಾರಕ್ಕೆ, ಉಸ್ತಾದರು ಮದ್ರಸಕ್ಕೆ ಅಂತ ಘಟ್ಟ ಹತ್ತುವುದು ಹೊಸತಲ್ಲ. ನಾವಿರುವ ಗಳಗನಾಥ ಹಾವೇರಿ ತಾಲ್ಲೂಕಿನಲ್ಲಿ ವರದಾ ನದಿ ತುಂಗಭದ್ರೆಯನ್ನು ಕೂಡುವ ಊರು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದ ವೆಂಕಟೇಶ ತಿರಕೊ ಕುಲಕರ್ಣಿಯವರು ‘ಗಳಗನಾಥ’ ಎಂದೇ ಹೆಸರಾದದ್ದು ಈ ಊರಿನಿಂದ. ಅವರೂ ಶಾಲಾ ಮಾಸ್ತರರು; ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರಿಗೆ ಮಾರಿದವರು. ಇಲ್ಲಿನ ಮಕ್ಕಳಿಗೆ ಬಿ.ಇ. ಓದಲು ಹಾವೇರಿ ದೇವಗಿರಿಯ ಸರಕಾರಿ ಇಂಜಿನಿಯರಿಂಗ್ ಕಾಲೇಜಿದೆ, ರಾಣೆಬೆನ್ನೂರಿನಲ್ಲಿ ತರಳಬಾಳು ಕಾಲೇಜಿದೆ. ಎಂ.ಟೆಕ್. ಅಂದರೆ ಹೆಚ್ಚಿನವರ ಕಣ್ಣು ಹುಬ್ಬಳ್ಳಿ, ದಾವಣಗೆರೆ, ಬೆಳಗಾವಿಯ ಕಡೆ. ಉಳ್ಳಾಲದ ಮನೆಗೂ ಗಳಗನಾಥದ ಮನೆಗೂ ದಾರಿ ಬೇರೆ ಇರಬಹುದು, ನಿಯಮ ಒಂದೇ.

ಸೇರುವ ಬಾಗಿಲು ಎರಡು

ಮೊದಲನೆಯದು ಗೇಟ್ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಏಳು ಐಐಟಿಗಳು ಸರದಿಯಂತೆ ಇದನ್ನು ನಡೆಸುತ್ತವೆ. ಮೂರು ಗಂಟೆ, 65 ಪ್ರಶ್ನೆ, 100 ಅಂಕ. ಬಹು ಆಯ್ಕೆಯ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟರೆ ಅಂಕ ಕಳೆಯುತ್ತಾರೆ. ಬಿ.ಇ. ಮುಗಿಯುವ ತನಕ ಕಾಯಬೇಕಿಲ್ಲ, ಮೂರನೇ ವರ್ಷದಲ್ಲೇ ಬರೆಯಬಹುದು. ಬಂದ ಸ್ಕೋರಿಗೆ ಮೂರು ವರ್ಷ ಬೆಲೆ ಇರುತ್ತದೆ. ಐಐಟಿ, ಎನ್‌ಐಟಿಗಳ ಎಂ.ಟೆಕ್. ಸೀಟಿಗೆ ಇದೇ ಮುಖ್ಯ ದಾರಿ. ನಮ್ಮ ಸುರತ್ಕಲ್‌ನ ಎನ್‌ಐಟಿಕೆ ಇರುವುದು ಈ ದಾರಿಯಲ್ಲೇ. ಹಾವೇರಿಯವರಿಗೆ ಧಾರವಾಡದ ಐಐಟಿ ಹತ್ತಿರ. ಎನ್‌ಐಟಿಗಳ ಸಾಮೂಹಿಕ ಕೌನ್ಸೆಲಿಂಗ್‌ಗೆ ಗೇಟ್ ಸ್ಕೋರ್ ಜೊತೆಗೆ ಬಿ.ಇ.ಯಲ್ಲಿ ಸಾಮಾನ್ಯ ಮತ್ತು ಒಬಿಸಿ ವರ್ಗದವರಿಗೆ ಶೇ. 60 ಅಥವಾ 6.5 ಸಿಜಿಪಿಎ ಇರಬೇಕು.

ಎರಡನೆಯದು ಪಿಜಿಸಿಇಟಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪರೀಕ್ಷೆ ಇದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು ಅಡಿಯ ಕಾಲೇಜುಗಳ ಸರಕಾರಿ ಕೋಟಾದ ಸೀಟು ಇದರಿಂದ ಸಿಗುತ್ತದೆ. ಬಿ.ಇ.ಯಲ್ಲಿ ಒಟ್ಟು ಶೇ. 50 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇ. 45 ಸಾಕು. ಇಲ್ಲೂ ಗೇಟ್ ಪಾಸಾದವರಿಗೆ ಮೊದಲ ಸರದಿ. ಆಮೇಲೆ ಉಳಿದ ಸೀಟು ಪಿಜಿಸಿಇಟಿ ರ‍್ಯಾಂಕಿನವರಿಗೆ.

ಜಾತಿ ಪ್ರಮಾಣಪತ್ರದ ವಿಷಯದಲ್ಲಿ ನಮ್ಮವರು ಗೊಂದಲಕ್ಕೆ ಬೀಳುವುದು ಜಾಸ್ತಿ. ರಾಜ್ಯದ ಪಟ್ಟಿಯಲ್ಲಿ ಬ್ಯಾರಿಗಳಾದ ನಾವು 2ಬಿ. 2ಬಿ ಮೀಸಲಾತಿ ಇದೆ ಅಂದಮಾತ್ರಕ್ಕೆ ಶೇ. 45ರ ರಿಯಾಯಿತಿ ಇದೆ ಅಂತ ತಿಳಿಯಬಾರದು, ನಮಗೆ ಶೇ. 50 ಬೇಕೇ ಬೇಕು. ಇಲ್ಲಿನ ನದಾಫ್, ಪಿಂಜಾರ ಕುಟುಂಬಗಳು ಪ್ರವರ್ಗ-1ರಲ್ಲಿ ಬರುವುದರಿಂದ ಅವರಿಗೆ ರಿಯಾಯಿತಿ ಉಂಟು. ಕೇಂದ್ರದ ಒಬಿಸಿ ಪಟ್ಟಿ ಮತ್ತೂ ಬೇರೆ. ಅದರಲ್ಲಿ ಕರ್ನಾಟಕದ ಮುಸ್ಲಿಮರನ್ನು ಸೇರಿಸಿದ್ದರೂ ಸಯ್ಯದ್, ಶೇಖ್, ಪಠಾಣ್, ನವಾಯತ್ ಮೊದಲಾದ ಕೆಲವು ಪಂಗಡಗಳನ್ನು ಹೊರಗಿಟ್ಟಿದ್ದಾರೆ. ಹಾಗಾಗಿ ಶಾಲೆಯ ದಾಖಲೆಯಲ್ಲಿ ಜಾತಿ ಕಾಲಮ್ಮಿನಲ್ಲಿ ಏನು ಬರೆದಿದೆ ಎಂಬುದು ಇಪ್ಪತ್ತು ವರ್ಷದ ಮೇಲೆ ಎನ್‌ಐಟಿ ಬಾಗಿಲಲ್ಲಿ ಲೆಕ್ಕಕ್ಕೆ ಬರುತ್ತದೆ. ಐಐಟಿ, ಎನ್‌ಐಟಿಗೆ ರಾಜ್ಯದ 2ಬಿ ಪತ್ರ ನಡೆಯುವುದಿಲ್ಲ. ಕೇಂದ್ರ ನಮೂನೆಯ ಒಬಿಸಿ ಪತ್ರವೇ ಬೇಕು, ಅದೂ ಕೆನೆಪದರಕ್ಕೆ ಸೇರದವರು ಎಂದು ಬರೆದದ್ದು.

ಗಳಗನಾಥದಿಂದ ಹೊಳೆ ದಾಟಿದರೆ ಹೂವಿನಹಡಗಲಿ ತಾಲ್ಲೂಕು. ಆ ದಡದ ಮಕ್ಕಳಿಗೆ 371(ಜೆ) ಮೀಸಲಾತಿ ಇದೆ, ಈ ದಡದ ಹಾವೇರಿಯವರಿಗೆ ಇಲ್ಲ. ನೆಂಟರ ಮನೆಯ ಮಗನಿಗೆ ಸಿಕ್ಕಿತು ಅಂತ ನಮಗೂ ಸಿಗುತ್ತದೆ ಎಂದುಕೊಳ್ಳುವ ಮೊದಲು ನಮ್ಮ ತಾಲ್ಲೂಕಿಗೆ ಯಾವ ನಿಯಮ ಎಂದು ನೋಡಿಕೊಳ್ಳಿ.

ಹನ್ನೆರಡು ಸಾವಿರದ ನಾನೂರರ ಲೆಕ್ಕ

‘ಪಿಜಿಸಿಇಟಿ ಸುಲಭ, ಅದೇ ಸಾಕಲ್ವಾ?’ ಅಂತ ಕೇಳುವವರಿದ್ದಾರೆ. ಸೀಟಿಗೆ ಸಾಕಾಗಬಹುದು, ಖರ್ಚಿಗೆ ಅಲ್ಲ. ಗೇಟ್ ಪಾಸಾಗಿ ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಪೂರ್ಣಾವಧಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ ರೂ. 12,400 ಸಹಾಯಧನ ಸಿಗುತ್ತದೆ. ಹೆಚ್ಚೆಂದರೆ 24 ತಿಂಗಳು. ಎರಡು ವರ್ಷಕ್ಕೆ ಕೂಡಿಸಿದರೆ ಮೂರು ಲಕ್ಷ ಸಮೀಪ. ಗೇಟ್ ಇಲ್ಲದೆ ಪಿಜಿಸಿಇಟಿಯಿಂದ ಮಾತ್ರ ಸೇರಿದವರಿಗೆ ಈ ಹಣ ಇಲ್ಲ. ಬಡ್ಡಿಯ ಸಾಲಕ್ಕೆ ಹೆದರುವ ನಮ್ಮ ಮನೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದು? ಮಗ ಅಥವಾ ಮಗಳು ಬಿ.ಇ. ಮೂರನೇ ವರ್ಷದಲ್ಲಿದ್ದರೆ ಈಗಲೇ ಗೇಟಿಗೆ ಕೂರಿಸಿ. ಅರ್ಜಿ ಕರೆಯುವುದು ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ, ಪರೀಕ್ಷೆ ಫೆಬ್ರುವರಿಯಲ್ಲಿ.

ನಿಜವಾಗಿ ಎಡವುವುದು ಎರಡನೇ ಬಾಗಿಲಲ್ಲಿ

ಸೀಟು ಸಿಕ್ಕಿದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಆಮೇಲೆ ಯಾರೂ ಕೇಳುವುದಿಲ್ಲ. ದರ್ಸಿಗೆ ಸೇರಿದ ಮಾತ್ರಕ್ಕೆ ಮುತಅಲ್ಲಿಮ್‌ಗೆ ಸನದು ಕೊಡುತ್ತಾರಾ? ಕಿತಾಬು ಮುಗಿಸಬೇಕು, ಉಸ್ತಾದರ ಮುಂದೆ ಕೂತಿರಬೇಕು, ಪರೀಕ್ಷೆ ದಾಟಬೇಕು. ಎಂ.ಟೆಕ್. ಕೂಡ ಹಾಗೆಯೇ.

ವಿಟಿಯು ನಿಯಮದಲ್ಲಿ ಎಂ.ಟೆಕ್. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಪ್ರತಿ ವಿಷಯಕ್ಕೂ ಶೇ. 85 ಹಾಜರಾತಿ ಬೇಕು. ಕಾಯಿಲೆಯಂಥ ತಕ್ಕ ಕಾರಣವಿದ್ದು ಪ್ರಾಂಶುಪಾಲರು ಶಿಫಾರಸು ಮಾಡಿದರೆ ಶೇ. 10ರವರೆಗಿನ ಕೊರತೆಯನ್ನು ಮನ್ನಿಸುವ ಅವಕಾಶ ಇದೆ. ಅದು ಹಕ್ಕಲ್ಲ, ರಿಯಾಯಿತಿ. ಅಂಕದಲ್ಲಿ ಎರಡು ಲೆಕ್ಕ: ಕಾಲೇಜಿನೊಳಗಿನ ನಿರಂತರ ಮೌಲ್ಯಮಾಪನದಲ್ಲಿ ಶೇ. 50 ಬರಬೇಕು, ಸೆಮಿಸ್ಟರ್ ಕೊನೆಯ ಪರೀಕ್ಷೆಯಲ್ಲಿ ಕನಿಷ್ಠ ಶೇ. 40, ಎರಡೂ ಕೂಡಿ ಶೇ. 50. ಬಿ.ಇ.ಯಲ್ಲಿ 40 ಬಂದರೆ ಪಾಸು ಅಂತ ರೂಢಿಯಾದ ಮಕ್ಕಳು ಇಲ್ಲಿ ಎಡವುತ್ತಾರೆ.

ಪಾಠದ ಭಾರ ಹೆಚ್ಚಾಗಿ ಮೊದಲ ವರ್ಷದಲ್ಲಿ. ಎರಡನೇ ವರ್ಷದಲ್ಲಿ ಪ್ರಾಜೆಕ್ಟ್ ಮೇಲೆ ಒತ್ತು. ಗೈಡ್ ಹೇಳಿದಂತೆ ಕೆಲಸ ಮಾಡಬೇಕು, ಸೆಮಿನಾರ್ ಕೊಡಬೇಕು, ವರದಿ ಬರೆಯಬೇಕು, ನಕಲು ಪತ್ತೆಯ ತಂತ್ರಾಂಶದಲ್ಲಿ ಅದು ಪಾಸಾಗಬೇಕು, ಕೊನೆಗೆ ಪರೀಕ್ಷಕರ ಮುಂದೆ ವೈವಾ ಎದುರಿಸಬೇಕು. ಅಂಗಡಿಯಲ್ಲಿ ದುಡ್ಡು ಕೊಟ್ಟು ಪ್ರಾಜೆಕ್ಟ್ ತರುವ ಚಾಳಿ ಕೆಲವೆಡೆ ಇದೆ. ಅದು ಸಿಕ್ಕಿಬೀಳುವ ಮಾತು ಒಂದು ಕಡೆ ಇರಲಿ, ಅಮಾನತಿಗೆ ಮಾಡುವ ಖಿಯಾನತ್ ಅಲ್ವಾ ಅದು?

ಎಲ್ಲದಕ್ಕೂ ಗಡುವು ಇದೆ. ಎರಡು ವರ್ಷದ ಕೋರ್ಸನ್ನು ಸೇರಿದ ದಿನದಿಂದ ಹೆಚ್ಚೆಂದರೆ ನಾಲ್ಕು ವರ್ಷದೊಳಗೆ ಮುಗಿಸಬೇಕು.

ಈ ಗಡುವು ಎಷ್ಟು ಕಠಿಣ ಎಂಬುದಕ್ಕೆ ನಮಗೆ ತಿಳಿದ ಒಂದು ಮನೆಯ ಮಾತು ಹೇಳುತ್ತೇವೆ. ಹುಡುಗಿ ಜಾಣೆ. ಒಳ್ಳೆ ರ‍್ಯಾಂಕಿನಿಂದ ಎಂ.ಟೆಕ್. ಸೇರಿದಳು, ಮೊದಲ ವರ್ಷದ ಎಲ್ಲಾ ವಿಷಯ ಪಾಸು. ಅಷ್ಟರಲ್ಲಿ ಸಂಬಂಧ ಕೂಡಿ ಬಂತು. ‘ಉಳಿದದ್ದು ಪ್ರಾಜೆಕ್ಟ್ ಮಾತ್ರ ಅಲ್ವಾ, ಮನೆಯಲ್ಲೇ ಕೂತು ಮಾಡ್ತಾಳೆ’ ಅಂದರು ಹಿರಿಯರು. ಮದುವೆ ಆಯಿತು, ಊರು ಬದಲಾಯಿತು, ಮಗು ಆಯಿತು. ಗೈಡ್ ಬೇರೆ ಕಾಲೇಜಿಗೆ ಹೋದರು. ಪುನಃ ವಿಚಾರಿಸುವಾಗ ನಾಲ್ಕು ವರ್ಷ ದಾಟಿತ್ತು. ಬರೆದು ಪಾಸಾದ ಪರೀಕ್ಷೆಗಳಿಗೂ ಬೆಲೆ ಇಲ್ಲದೆ ಹೋಯಿತು.

ಇನ್ನೊಂದು ಮನೆಯವರು ಸಂಬಂಧ ಮಾತಾಡುವಾಗಲೇ ಗಂಡಿನ ಕಡೆಯವರಿಗೆ ಸ್ಪಷ್ಟ ಹೇಳಿದರು: ‘ಮೋಳೆಯ ವೈವಾ ಆದ ಮೇಲೆ ನಿಕಾಹ್. ಅದಕ್ಕೆ ಆರು ತಿಂಗಳು ಬೇಕು.’ ಅವರೂ ಒಪ್ಪಿದರು. ಇಂದು ಆ ಹುಡುಗಿ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಎಐಸಿಟಿಇ ನಿಯಮದಂತೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬಿ.ಇ. ಮಾತ್ರ ಸಾಲದು, ಎಂ.ಟೆಕ್. ಕೂಡ ಬೇಕು, ಎರಡರಲ್ಲಿ ಒಂದಾದರೂ ಪ್ರಥಮ ದರ್ಜೆ ಇರಬೇಕು. ಮನೆಯ ಹತ್ತಿರ, ಮರ್ಯಾದೆಯ ಕೆಲಸ ಬಯಸುವ ನಮ್ಮ ಹೆಣ್ಣುಮಕ್ಕಳಿಗೆ ಈ ಪದವಿ ತೆರೆಯುವ ಬಾಗಿಲು ಸಣ್ಣದಲ್ಲ. ಆರು ತಿಂಗಳ ತಾಳ್ಮೆಗೆ ಜೀವನಪೂರ್ತಿಯ ಪ್ರತಿಫಲ.

ಮಧ್ಯೆ ಬಿಡಲೇಬೇಕಾದ ಸಂದರ್ಭ ಬಂದರೆ ಸುಮ್ಮನೆ ಮನೆಗೆ ಬರಬೇಡಿ. ಪ್ರಾಂಶುಪಾಲರಿಗೆ ಬರೆದು ಕೊಟ್ಟು, ತಾತ್ಕಾಲಿಕವಾಗಿ ಬಿಡಲು ಅನುಮತಿ ಪಡೆದು, ಯಾವ ಸೆಮಿಸ್ಟರಿಗೆ ಮರಳಬೇಕು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಗಲ್ಫಿನಲ್ಲಿರುವವರಿಗೆ ಎರಡು ಮಾತು

ಕೆಲಸದಲ್ಲಿದ್ದುಕೊಂಡೇ ಅಂಚೆ ಶಿಕ್ಷಣದಲ್ಲಿ ಎಂ.ಟೆಕ್. ಕೊಡಿಸುತ್ತೇವೆ ಎನ್ನುವ ಏಜೆಂಟರನ್ನು ನಂಬಿ ದುಡ್ಡು ಕಟ್ಟಬೇಡಿ. ಇಂಜಿನಿಯರಿಂಗ್‌ನಂಥ ತಾಂತ್ರಿಕ ಶಿಕ್ಷಣವನ್ನು ಅಂಚೆ ಮೂಲಕ ಕೊಡುವುದು ಸಲ್ಲ ಎಂದು ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲೇ ತೀರ್ಪು ಕೊಟ್ಟಿದೆ. ಪ್ರಯೋಗಾಲಯವಿಲ್ಲದ ಇಂಜಿನಿಯರ್ ಅಂದರೆ ವುಳೂ ಇಲ್ಲದ ನಮಾಜಿನ ಹಾಗೆ.

ಎರಡನೆಯದು ಕಾಲೇಜು ಆರಿಸುವ ಮಾತು. ಕುವೈಟಿನಲ್ಲಿ 2018ರಿಂದ ಭಾರತದ ಇಂಜಿನಿಯರುಗಳ ಪದವಿಗೆ ಎನ್‌ಬಿಎ ಮಾನ್ಯತೆ ಕೇಳಲು ಶುರು ಮಾಡಿದಾಗ, ವರ್ಷಗಟ್ಟಲೆ ಅಲ್ಲಿ ದುಡಿದವರೂ ಕಷ್ಟಕ್ಕೆ ಸಿಕ್ಕಿದರು. ಎನ್‌ಬಿಎ ಮಾನ್ಯತೆ ಸಿಗುವುದು ಇಡೀ ಕಾಲೇಜಿಗಲ್ಲ, ಒಂದೊಂದು ಕೋರ್ಸಿಗೆ, ಅದೂ ಇಂತಿಷ್ಟು ವರ್ಷಕ್ಕೆ. ಬಿ.ಇ. ಇರಲಿ, ಎಂ.ಟೆಕ್. ಇರಲಿ, ಸೇರುವ ಮೊದಲು ನಮ್ಮ ಕೋರ್ಸಿಗೆ ಇದೆಯೇ ಎಂದು ಕೇಳಿ.

ಮನೆಯಲ್ಲಿ ಬರೆದಿಡಿ

* ಬಿ.ಇ. ಎಲ್ಲಾ ಸೆಮಿಸ್ಟರಿನ ಅಂಕಪಟ್ಟಿ ಮತ್ತು ಪದವಿ ಪತ್ರ ಒಂದೇ ಫೈಲಿನಲ್ಲಿ.
* ಕರ್ನಾಟಕದಲ್ಲಿ ಎಷ್ಟು ವರ್ಷ ಓದಿದ್ದು ಎಂಬ ವ್ಯಾಸಂಗ ಪ್ರಮಾಣಪತ್ರ. ಗಲ್ಫಿನಲ್ಲಿ ಶಾಲೆ ಕಲಿತ ಮಕ್ಕಳಿಗೆ ಇದರ ನಿಯಮ ಮೊದಲೇ ವಿಚಾರಿಸಿ.
* ನಾಡಕಚೇರಿಯಿಂದ ಜಾತಿ-ಆದಾಯ ಪತ್ರ. ಕೇಂದ್ರ ನಮೂನೆಯದ್ದು ಬೇಕಿದ್ದರೆ ಪ್ರತ್ಯೇಕ ಅರ್ಜಿ.
* ಆಧಾರ್, ಎಸೆಸೆಲ್ಸಿ ಅಂಕಪಟ್ಟಿ, ಬಿ.ಇ. ಪತ್ರಗಳಲ್ಲಿ ಹೆಸರು ಒಂದೇ ರೀತಿ ಇದೆಯಾ ನೋಡಿ. ಒಂದರಲ್ಲಿ ‘ಮುಹಮ್ಮದ್’, ಇನ್ನೊಂದರಲ್ಲಿ ‘ಮೊಹಮ್ಮದ್’ ಆದರೆ ದಾಖಲೆ ಪರಿಶೀಲನೆಯ ದಿನ ಓಡಾಟ ತಪ್ಪದು.
* ಸೇರಿದ ತಾರೀಕು, ನಾಲ್ಕು ವರ್ಷ ತುಂಬುವ ತಾರೀಕು: ಎರಡನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ.

ಜಮಾಅತ್ ಕಮಿಟಿಗಳು ಪ್ರತಿ ವರ್ಷ ಸೀಟು ಸಿಕ್ಕಿದ ಮಕ್ಕಳಿಗೆ ಶಾಲು ಹೊದಿಸಿ ಸನ್ಮಾನ ಮಾಡುತ್ತವೆ. ಒಳ್ಳೆಯದೇ. ಅದರ ಜೊತೆಗೆ, ಹೋದ ವರ್ಷ ಸನ್ಮಾನ ಮಾಡಿದ ಮಗು ಈಗ ಯಾವ ಸೆಮಿಸ್ಟರಿನಲ್ಲಿದೆ, ಹಾಜರಾತಿ ಎಷ್ಟು, ಫೀಸು ಬಾಕಿ ಇದೆಯಾ ಅಂತ ಕೇಳುವ ಒಬ್ಬರನ್ನು ಪ್ರತಿ ಜಮಾಅತ್ ನೇಮಿಸಲಿ. ಅದಕ್ಕೆ ದೊಡ್ಡ ಬಜೆಟ್ ಬೇಡ, ತಿಂಗಳಿಗೊಂದು ಫೋನು ಸಾಕು. ಶುರು ಮಾಡಿದ ಮಕ್ಕಳು ಮುಗಿಸುವ ಹಾಗೆ ಅಲ್ಲಾಹು ಅವರಿಗೂ ನಮಗೂ ತೌಫೀಕ್ ಕೊಡಲಿ, ಆಮೀನ್.