ಪ್ರೋಟೀನಿಗೊಂದು ಲಿಪಿಡ್ ಕವಚ

ಹಸು ಕರು ಹಾಕಿದ ಮೊದಲ ದಿನಗಳ ಗಿಣ್ಣುಹಾಲನ್ನು ಕಾಯಿಸಿದರೆ ಅದು ಗಟ್ಟಿಯಾಗುವುದನ್ನು ನೀವು ನೋಡಿರಬಹುದು. ಅದರಲ್ಲಿ ಹೇರಳವಾಗಿರುವ ಪ್ರೋಟೀನುಗಳು ಶಾಖಕ್ಕೆ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಳ್ಳುವುದೇ ಇದಕ್ಕೆ ಕಾರಣ. ಗಿಣ್ಣಿನಲ್ಲಿರುವ ಪ್ರೋಟೀನುಗಳಲ್ಲಿ ಲ್ಯಾಕ್ಟೋಫೆರಿನ್ ಒಂದು. ಇದರ ಪ್ರತಿ ಅಣುವೂ ಕಬ್ಬಿಣದ ಎರಡು ಅಯಾನುಗಳನ್ನು ಹಿಡಿದಿಟ್ಟುಕೊಳ್ಳಬಲ್ಲದು. ಕಬ್ಬಿಣ ಸಿಗದಿದ್ದರೆ ಹಲವು ಬಗೆಯ ಬ್ಯಾಕ್ಟೀರಿಯಾಗಳ ಬೆಳವಣಿಗೆ ಕುಂಠಿತವಾಗುತ್ತದೆ.

ಆದರೆ ನಾವು ಸೇವಿಸಿದ ಲ್ಯಾಕ್ಟೋಫೆರಿನ್ನನ್ನು ಜಠರದ ಪೆಪ್ಸಿನ್ ಕಿಣ್ವ ಆಮ್ಲದ ನೆರವಿನಿಂದ ತುಂಡರಿಸುತ್ತದೆ. ಅದನ್ನು ಇಡಿಯಾಗಿ ಕರುಳಿಗೆ ತಲುಪಿಸುವುದು ಹೇಗೆ? ಲಿಪೋಸೋಮ್ ಎಂಬ ಸೂಕ್ಷ್ಮ ಗೋಲ ಒಂದು ಉಪಾಯ. ಫಾಸ್ಫೊಲಿಪಿಡ್ ಅಣುವಿನ ತಲೆ ನೀರನ್ನು ಬಯಸುತ್ತದೆ. ಬಾಲ ನೀರಿನಿಂದ ದೂರವಿರುತ್ತದೆ. ಆದ್ದರಿಂದ ನೀರಿನಲ್ಲಿ ಈ ಅಣುಗಳು ಬಾಲಕ್ಕೆ ಬಾಲ ಸೇರಿಸಿ, ಎರಡು ಪದರಗಳ ಪೊರೆಯಾಗಿ, ಗೋಲದಂತೆ ಮುಚ್ಚಿಕೊಳ್ಳುತ್ತವೆ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಗೋಲದೊಳಗಿನ ನೀರಿನಲ್ಲಿ ಪ್ರೋಟೀನನ್ನು ಬಂಧಿಸಬಹುದು.

ಎಷ್ಟು ಪ್ರೋಟೀನು ಒಳಸೇರುತ್ತದೆ ಎಂಬುದೇ ಮುಂದಿನ ಪ್ರಶ್ನೆ. 100 ಮಿಲಿಗ್ರಾಂ ಪ್ರೋಟೀನಿಗೆ 1 ಗ್ರಾಂ ಲಿಪಿಡ್ ಬಳಸಿದಾಗ 40 ಮಿಲಿಗ್ರಾಂ ಒಳಸೇರಿತು ಎಂದಿಟ್ಟುಕೊಳ್ಳಿ. ಆಗ ಬಂಧನದ ದಕ್ಷತೆ ಶೇಕಡಾ 40. ಲಿಪಿಡನ್ನು 2 ಗ್ರಾಂಗೆ ಏರಿಸಿದಾಗ 60 ಮಿಲಿಗ್ರಾಂ ಸೇರಿದರೆ ದಕ್ಷತೆ ಶೇಕಡಾ 60. ಲಾಭವಾಯಿತಲ್ಲವೇ? ಆದರೆ ಪ್ರತಿ ಗ್ರಾಂ ಲಿಪಿಡ್ ಹೊರುವ ಪ್ರೋಟೀನು 40ರಿಂದ 30 ಮಿಲಿಗ್ರಾಂಗೆ ಇಳಿಯಿತು!

ಹೀಗೆ ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಗೋಲಗಳನ್ನು ಕಿರಿದಾಗಿಸಿದರೆ ಅಷ್ಟೇ ಲಿಪಿಡ್‌ನಿಂದ ದೊರೆಯುವ ಒಳಜಾಗ ಕಡಿಮೆಯಾಗುತ್ತದೆ. ಸೋರದ ಬಿಗಿಯಾದ ಪೊರೆಗೆ ತಕ್ಕ ಕೆಲವು ಲಿಪಿಡ್‌ಗಳು 41 ಡಿಗ್ರಿ, ಇನ್ನು ಕೆಲವು 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಮೆತುವಾಗುತ್ತವೆ. ಶಾಖವನ್ನು ಇನ್ನಷ್ಟು ಏರಿಸಿದರೋ, ಗಿಣ್ಣಿಗೆ ಆದ ಗತಿಯೇ ನಮ್ಮ ಪ್ರೋಟೀನಿಗೂ ಆದೀತು.

ಆದುದರಿಂದ ಒಂದೊಂದೇ ಅಂಶವನ್ನು ಬದಲಿಸಿ ನೋಡಿದರೆ ಸಾಲದು. ಲಿಪಿಡ್‌ನ ಪ್ರಮಾಣ, ಕೊಲೆಸ್ಟೆರಾಲ್‌ನ ಪ್ರಮಾಣ, ಉಷ್ಣತೆ ಈ ಮೂರನ್ನೂ ಕಡಿಮೆ, ಮಧ್ಯಮ, ಹೆಚ್ಚು ಎಂಬ ಮೂರು ಮಟ್ಟಗಳಲ್ಲಿ ಎಲ್ಲ ರೀತಿಯಲ್ಲೂ ಜೋಡಿಸಿದರೆ 27 ಪ್ರಯೋಗಗಳಾಗುತ್ತವೆ. ಬಾಕ್ಸ್ ಮತ್ತು ಬೆಹ್ನ್‌ಕೆನ್ 1960ರಲ್ಲಿ ಸೂಚಿಸಿದ ವಿಧಾನದಲ್ಲಿ 12 ಆಯ್ದ ಜೋಡಣೆಗಳು ಸಾಕು. ಮೂರೂ ಮಧ್ಯಮವಾಗಿರುವ ಪ್ರಯೋಗವನ್ನು ಮೂರು ಸಲ ಮಾಡಿದರೆ ಒಟ್ಟು 15. ಈ ಫಲಿತಾಂಶಗಳಿಗೆ ಹೊಂದುವ ಸಮೀಕರಣವು ಅನುಕೂಲವಾದ ನಡುದಾರಿಯನ್ನು ತೋರಿಸುತ್ತದೆ.

ಕೊನೆಯ ಪರೀಕ್ಷೆ ಕೃತಕ ಜಠರರಸ ಹಾಗೂ ಪಿತ್ತಲವಣಗಳಲ್ಲಿ ನಡೆಯುತ್ತದೆ. ಪಿತ್ತಲವಣಗಳು ಲಿಪಿಡ್ ಪೊರೆಯನ್ನೇ ಒಡೆಯಬಲ್ಲವು. ಎಷ್ಟು ಪ್ರೋಟೀನು ಒಳಸೇರಿತು ಎಂಬುದಕ್ಕಿಂತ ಎಷ್ಟು ಇಡಿಯಾಗಿ ತಲುಪಿತು ಎಂಬುದೇ ಮುಖ್ಯ.