ನಿಮಗಿದು ಗೊತ್ತೆ? ಮುದ್ದೆ ನಮಗೆ, ನಾರು ಕರುಳಿನ ಬ್ಯಾಕ್ಟೀರಿಯಾಗಳಿಗೆ!

● ಯಲಹಂಕ–ಹೆಬ್ಬಾಳದ ನಡುವೆ, ಬಳ್ಳಾರಿ ರಸ್ತೆಯಲ್ಲಿರುವ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರೂಪುಗೊಂಡದ್ದು ಮುದ್ದೆಗೆ ಬಳಸುವ ರಾಗಿಯ ಜಿಪಿಯು-28 ತಳಿ. ಬೆಂಕಿ ರೋಗ ತಡೆದುಕೊಳ್ಳುವ ಈ ತಳಿ ರೈತರ ಅಚ್ಚುಮೆಚ್ಚು.

● 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇರದು.

● ನಾರಿನ ಹಾಗೆ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳು ತಲುಪಿ, ಅಲ್ಲಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಪೋಷಿಸುವ ಕಾರ್ಬೋಹೈಡ್ರೇಟ್‌ಗಳಿಗೆ 'ಪ್ರಿಬಯಾಟಿಕ್' ಎಂಬ ಹೆಸರು ಬಂದದ್ದು 1995ರಲ್ಲಿ. ಹೆಸರಿಟ್ಟವರು ವಿಜ್ಞಾನಿಗಳಾದ ಗ್ಲೆನ್ ಗಿಬ್ಸನ್ ಮತ್ತು ಮಾರ್ಸೆಲ್ ರಾಬರ್‌ಫ್ರಾಯ್ಡ್.

● ಪ್ರಿಬಯಾಟಿಕ್‌ಗಳನ್ನು ಹುದುಗಿಸುವ ಬ್ಯಾಕ್ಟೀರಿಯಾಗಳಿಂದ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಉತ್ಪತ್ತಿಯಾಗುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನ. ಹಸಿವು ತಗ್ಗಿಸಿ, ಇನ್ಸುಲಿನ್ ಸ್ರಾವಕ್ಕೆ ನೆರವಾಗುವ ಜಿಎಲ್‌ಪಿ-1 ಹಾರ್ಮೋನಿನ ಬಿಡುಗಡೆಗೂ ಈ ಉತ್ಪನ್ನಗಳು ಪ್ರಚೋದನೆ ನೀಡುತ್ತವೆ. ಬೊಜ್ಜು, ಮಧುಮೇಹದ ಸಂಶೋಧಕರು ಪ್ರಿಬಯಾಟಿಕ್‌ಗಳತ್ತ ಗಮನ ಹರಿಸಿರುವುದಕ್ಕೆ ಇದೂ ಒಂದು ಕಾರಣ.

● ಪ್ರಿಬಯಾಟಿಕ್‌ಗಳು ಎಲ್ಲಿವೆ? ಈರುಳ್ಳಿ, ಬೆಳ್ಳುಳ್ಳಿಯಲ್ಲಿ ಇನ್ಯುಲಿನ್ ಎಂಬ ನಾರು; ಅವರೆ, ಹುರುಳಿ, ಕಡಲೆಯಲ್ಲಿ ರಾಫಿನೋಸ್ ಬಗೆಯ ಸಕ್ಕರೆಗಳಿವೆ. ಬೇಯಿಸಿ ಆರಿಸಿದ ಅನ್ನದಲ್ಲಿ ಸುಲಭವಾಗಿ ಜೀರ್ಣವಾಗದ ಪಿಷ್ಟ ಹೆಚ್ಚುತ್ತದೆ.

● ಎಚ್ಚರ: ನಾರಿನಂಶವನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸಬಹುದು, ನಿಧಾನವಾಗಿ ಹೆಚ್ಚಿಸಿ. ಮುದ್ದೆಯಲ್ಲೂ ಪಿಷ್ಟ ಸಾಕಷ್ಟಿದೆ. ಮಧುಮೇಹ ಇರುವವರು ಅಳತೆ ನೋಡಿ ಉಣ್ಣಬೇಕು.