ಮೈಕ್ ಕೊಟ್ಟರು, ಕಿವಿ ಕೊಟ್ಟರಾ?

ಇಸ್ರೇಲ್ ಅಂದ ತಕ್ಷಣ ನಿಮಗೆ ಏನು ನೆನಪಾಗುತ್ತೆ? ಮೊಸ್ಸಾದ್. ಐರನ್ ಡೋಮ್. ಹನಿ ನೀರಾವರಿ. ಈಗ ಗಾಜಾ. ಟಿವಿ ಪರದೆಗೆ ಬರೋದೂ ಇಷ್ಟೇ. ರಾಕೆಟ್ ಹಾರಿದರೆ ಬ್ರೇಕಿಂಗ್ ನ್ಯೂಸ್. ಪ್ರೊಫೆಸರ್ ಒಬ್ಬರು ವೇದಿಕೆ ಮೇಲೆ ನಿಂತು ಒಂದು ಗಂಟೆ ಮಾತಾಡಿದರೆ ಅದನ್ನ ಯಾರು ತೋರಿಸ್ತಾರೆ? ಆದರೆ ಆ ದೇಶ ಒಳಗಿನಿಂದ ಹೇಗಿದೆ ಅಂತ ಗೊತ್ತಾಗಬೇಕಾದರೆ ರಾಕೆಟ್ ಬಿಟ್ಟು ಸ್ವಲ್ಪ ಹೊತ್ತು ಆ ಪ್ರೊಫೆಸರ್ ಕಡೆ ತಿರುಗಬೇಕು. ಇವತ್ತು ಅದೇ ಕಥೆ.

1993ನೇ ಇಸವಿ. ಇಸ್ರೇಲ್ ಪ್ರಶಸ್ತಿ ಅಂತ ಒಂದಿದೆ. ಸಾಧಕರಿಗೆ ಆ ದೇಶ ಕೊಡುವ ಅತಿ ದೊಡ್ಡ ಗೌರವಗಳಲ್ಲೊಂದು. ಸ್ವಾತಂತ್ರ್ಯ ದಿನದಂದು ಜೆರುಸಲೇಂನಲ್ಲಿ ಪ್ರದಾನ ಮಾಡ್ತಾರೆ. ಆ ವರ್ಷ ಆಯ್ಕೆ ಸಮಿತಿ ಆರಿಸಿದ ಹೆಸರುಗಳಲ್ಲಿ 90 ವರ್ಷದ ಒಬ್ಬ ವೃದ್ಧರ ಹೆಸರಿತ್ತು: ಯೆಶಾಯಾಹು ಲೈಬೋವಿಚ್. ಸುದ್ದಿ ಹೊರಗೆ ಬಿದ್ದಿದ್ದೇ ತಡ, ದೇಶದಲ್ಲಿ ಕೋಲಾಹಲ. ವಿಷಯ ಕೋರ್ಟ್ ಮೆಟ್ಟಿಲೇರಿತು. ಆ ಮನುಷ್ಯನಿಗೆ ಪ್ರಶಸ್ತಿ ಕೊಡೋದಾದರೆ ತಾನು ಸಮಾರಂಭಕ್ಕೇ ಬರೋದಿಲ್ಲ ಅಂತ ಪ್ರಧಾನಿ ಯಿತ್ಝಾಕ್ ರಬಿನ್ ಹೇಳಿಬಿಟ್ಟರು.

ಯಾರು ಈ ಲೈಬೋವಿಚ್? ಭಯೋತ್ಪಾದಕರಾ? ಗೂಢಚಾರರಾ? ಅಲ್ಲ, ಮೇಷ್ಟ್ರು. ಹುಟ್ಟಿದ್ದು 1903ರಲ್ಲಿ, ರಿಗಾ ನಗರದಲ್ಲಿ. ಬರ್ಲಿನ್‌ನಲ್ಲಿ ಡಾಕ್ಟರೇಟ್, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಪದವಿ. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, 1930ರ ದಶಕದ ಮಧ್ಯದಲ್ಲಿ ಜೆರುಸಲೇಂಗೆ ಬಂದು ಹೀಬ್ರೂ ಯೂನಿವರ್ಸಿಟಿ ಸೇರಿದರು. ಜೀವರಸಾಯನಶಾಸ್ತ್ರ ಹೇಳಿಕೊಟ್ಟರು, ವಿಜ್ಞಾನದ ತತ್ತ್ವಶಾಸ್ತ್ರ ಹೇಳಿಕೊಟ್ಟರು, ಹೀಬ್ರೂ ವಿಶ್ವಕೋಶದ ಸಂಪಾದಕರಾದರು. ತಲೆ ಮೇಲೆ ಕಿಪ್ಪಾ ಟೋಪಿ, ಧರ್ಮದ ಕಟ್ಟಳೆಗಳನ್ನೆಲ್ಲ ಪಾಲಿಸುವ ಕಟ್ಟಾ ಆಸ್ತಿಕ. ತಂಗಿ ನೆಹಾಮಾ ಲೈಬೋವಿಚ್ ಕೂಡ ಸಾಮಾನ್ಯರಲ್ಲ. ಬೈಬಲ್ ಪಾಠದ ಪ್ರಶ್ನೆಗಳನ್ನ ಹಾಳೆಯಲ್ಲಿ ಅಚ್ಚು ಹಾಕಿಸಿ ವಾರ ವಾರ ಜನರಿಗೆ ಕಳಿಸಿ, ಬಂದ ಉತ್ತರಗಳನ್ನ ತಾವೇ ಕೂತು ತಿದ್ದುತ್ತಿದ್ದ ಗುರು. ಆಕೆಗೆ 1956ರಲ್ಲೇ ಇಸ್ರೇಲ್ ಪ್ರಶಸ್ತಿ ಬಂದಿತ್ತು.

ಹಾಗಾದರೆ ಅಣ್ಣನ ವಿಷಯದಲ್ಲಿ ಇಷ್ಟು ರಾದ್ಧಾಂತ ಯಾಕೆ? ಅದು ಅರ್ಥ ಆಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಸ್ರೇಲ್ ದೇಶ ಹುಟ್ಟಿದ್ದು 1948ರಲ್ಲಿ. ಆದರೆ ಅಲ್ಲಿನ ಯೂನಿವರ್ಸಿಟಿಗಳು ದೇಶಕ್ಕಿಂತ ಮೊದಲೇ ಹುಟ್ಟಿದವು! ಹೈಫಾ ನಗರದ ಟೆಕ್ನಿಯಾನ್ ಕಥೆ ಕೇಳಿ. ಎಂಜಿನಿಯರಿಂಗ್ ಓದಿದ ನನಗೆ ಇದು ಬಹಳ ಇಷ್ಟದ ಕಥೆ. 1913ರಲ್ಲಿ, ಇನ್ನೂ ಪಾಠ ಶುರುವಾಗುವ ಮೊದಲೇ ಅಲ್ಲಿ ಜಗಳ. ವಿಜ್ಞಾನ, ತಂತ್ರಜ್ಞಾನವನ್ನ ಯಾವ ಭಾಷೆಯಲ್ಲಿ ಕಲಿಸಬೇಕು? ದುಡ್ಡು ಕೊಟ್ಟ ಜರ್ಮನಿಯ ಯಹೂದಿ ಸಂಸ್ಥೆ ಜರ್ಮನ್ ಅಂದಿತು. ಮೇಷ್ಟ್ರುಗಳು, ವಿದ್ಯಾರ್ಥಿಗಳು ಹೀಬ್ರೂನೇ ಬೇಕು ಅಂತ ಮುಷ್ಕರ ಹೂಡಿದರು. ಹೀಬ್ರೂ ಗೆದ್ದಿತು. ನಡುವೆ ಮಹಾಯುದ್ಧ ಬಂತು, ತರಗತಿ ಶುರುವಾಗಿದ್ದು 1924ರಲ್ಲಿ.

ಜೆರುಸಲೇಂನ ಮೌಂಟ್ ಸ್ಕೋಪಸ್ ಬೆಟ್ಟದ ಮೇಲೆ ಹೀಬ್ರೂ ಯೂನಿವರ್ಸಿಟಿಗೆ ಅಡಿಗಲ್ಲು ಬಿದ್ದಿದ್ದು 1918ರಲ್ಲಿ. ಹಾಕಿಸಿದವರು ಹೈಮ್ ವೈಜ್‌ಮನ್, ಮುಂದೆ ಇಸ್ರೇಲಿನ ಮೊದಲ ರಾಷ್ಟ್ರಪತಿ. ಅವರೂ ರಸಾಯನಶಾಸ್ತ್ರಜ್ಞರೇ. 1923ರಲ್ಲಿ ಅದೇ ಬೆಟ್ಟದ ಮೇಲೆ ಐನ್‌ಸ್ಟೈನ್ ಉಪನ್ಯಾಸ ಕೊಟ್ಟರು. ಶುರು ಮಾಡಿದ್ದು ಹೀಬ್ರೂನಲ್ಲಿ, ಆಮೇಲೆ ಫ್ರೆಂಚ್‌ಗೆ ಹೊರಳಿದರು. ಬರದಿದ್ದರೂ ನಾಲ್ಕು ಮಾತು ಆ ಭಾಷೆಯಲ್ಲಿ ಆಡಲೇಬೇಕು ಅಂತ ಅವರಿಗೆ ಅನ್ನಿಸಿತ್ತಲ್ಲ, ಅದು ಮುಖ್ಯ. 1925ರ ಏಪ್ರಿಲ್ 1ರಂದು ಯೂನಿವರ್ಸಿಟಿ ಉದ್ಘಾಟನೆ ಆಯ್ತು.

1938ರಲ್ಲಿ ಜರ್ಮನಿ ಬಿಟ್ಟು ಇಲ್ಲಿಗೆ ಬಂದವರು ತತ್ತ್ವಜ್ಞಾನಿ ಮಾರ್ಟಿನ್ ಬೂಬರ್. ಅವರ ಮೊದಲ ಉಪನ್ಯಾಸದಲ್ಲಿ ಇಬ್ಬರು ನಾಯಕರಿದ್ದರು. ಒಬ್ಬ ಗ್ರೀಸ್‌ನ ಪ್ಲೇಟೋ, ಇನ್ನೊಬ್ಬ ಬೈಬಲ್ಲಿನ ಪ್ರವಾದಿ ಯೆಶಾಯ. ತತ್ತ್ವಜ್ಞಾನಿ ರಾಜನಾಗಬೇಕು ಅಂದ ಪ್ಲೇಟೋ ಸಿರಾಕ್ಯೂಸ್‌ನಲ್ಲಿ ಅದನ್ನ ಮಾಡಿ ತೋರಿಸಲು ಹೋಗಿ ಸೋತ. ಯೆಶಾಯನಿಗೆ ಅಧಿಕಾರವೇ ಬೇಕಿರಲಿಲ್ಲ. ರಾಜನ ಮುಂದೆ ನಿಂತು ನೀನು ಮಾಡ್ತಿರೋದು ತಪ್ಪು ಅಂದ. ಯಾರೂ ಕೇಳಲಿಲ್ಲ. ಅವನೂ ಸೋತ. ಆದರೆ ಅವನ ಮಾತು ಸೋಲಲಿಲ್ಲ, ಜನರ ನೆನಪಿನಲ್ಲಿ ಉಳೀತು. ಬೂಬರ್ ವಾದದ ಸಾರ ಇದು. ಈ ಎಳೆಯನ್ನ ಹಿಡ್ಕೊಂಡಿರಿ, ಮುಂದೆ ಬೇಕಾಗುತ್ತೆ. ಅಂದ ಹಾಗೆ ಲೈಬೋವಿಚ್ ಅವರ ಹೆಸರು ಯೆಶಾಯಾಹು ಅಂದೆನಲ್ಲ, ಅದು ಅದೇ ಪ್ರವಾದಿಯ ಹೀಬ್ರೂ ಹೆಸರು.

ಈಗ ಒಂದು ಪ್ರಶ್ನೆ. ಯಹೂದಿಗಳ ನಡುವೆ ಈ ಪರಿ ವಾದ ಯಾಕೆ? ಉತ್ತರ ಅವರ ಗ್ರಂಥದಲ್ಲೇ ಇದೆ. ತಾಲ್ಮುದ್ ಅಂದರೆ ಆಜ್ಞೆಗಳ ಪಟ್ಟಿ ಅಂತ ತಿಳ್ಕೋಬೇಡಿ. ಅದು ಶತಮಾನಗಳ ಕಾಲ ನಡೆದ ಚರ್ಚೆಯ ದಾಖಲೆ. ಅದರಲ್ಲಿ ಹಿಲ್ಲೆಲ್ ಪಂಥ, ಶಮ್ಮಾಯ್ ಪಂಥ ಅಂತ ಎರಡು. ಬಹುತೇಕ ಎಲ್ಲದರಲ್ಲೂ ಭಿನ್ನಾಭಿಪ್ರಾಯ. ತೀರ್ಪು ಸಾಮಾನ್ಯವಾಗಿ ಹಿಲ್ಲೆಲ್ ಕಡೆಗೆ. ಯಾಕೆ ಗೊತ್ತಾ? ಅವರು ತಮ್ಮ ವಾದ ಹೇಳುವ ಮೊದಲು ಎದುರಾಳಿಯ ವಾದ ಹೇಳ್ತಿದ್ದರಂತೆ. ಅಷ್ಟೇ ಅಲ್ಲ, ಸೋತವರ ಅಭಿಪ್ರಾಯವನ್ನೂ ಗ್ರಂಥದಲ್ಲಿ ಬರೆದಿಟ್ಟರು. ಮುಂದೊಂದು ದಿನ ಬೇರೆ ನ್ಯಾಯಸಭೆಗೆ ಅದೇ ಸರಿ ಅನ್ನಿಸಬಹುದು, ಆಗ ಕೈಗೆ ಸಿಗಲಿ ಅಂತ. ಇವತ್ತಿಗೂ ಅವರ ಧರ್ಮಪಾಠಶಾಲೆಗಳಲ್ಲಿ ಇಬ್ಬಿಬ್ಬರು ಎದುರು ಬದುರು ಕೂತು ವಾದ ಮಾಡ್ತಾನೇ ಓದ್ತಾರೆ.

ಈಗ 1967ಕ್ಕೆ ಬನ್ನಿ. ಜೂನ್ ತಿಂಗಳು. ಆರೇ ದಿನದ ಯುದ್ಧದಲ್ಲಿ ಇಸ್ರೇಲ್ ಈಜಿಪ್ಟ್, ಜೋರ್ಡಾನ್, ಸಿರಿಯಾ ಮೂರನ್ನೂ ಸೋಲಿಸಿತು. ಪಶ್ಚಿಮ ದಂಡೆ, ಗಾಜಾ, ಸಿನಾಯ್, ಗೋಲಾನ್, ಹಳೇ ಜೆರುಸಲೇಂ ಎಲ್ಲ ಅದರ ಕೈಗೆ. 1948ರಿಂದ ಸಂಪರ್ಕ ಕಡಿದುಹೋಗಿದ್ದ ಮೌಂಟ್ ಸ್ಕೋಪಸ್ ಕ್ಯಾಂಪಸ್ ಕೂಡ ಮತ್ತೆ ಸಿಕ್ಕಿತು. ದೇಶ ಹಬ್ಬದಲ್ಲಿತ್ತು. ಯುದ್ಧ ಗೆದ್ದು ಕೊಟ್ಟ ಸೇನಾ ಮುಖ್ಯಸ್ಥನಿಗೆ ಜೂನ್ 28ರಂದು ಅದೇ ಬೆಟ್ಟದ ಮೇಲೆ ಗೌರವ ಡಾಕ್ಟರೇಟ್ ಕೊಟ್ಟರು. ಆತ ಬೇರೆ ಯಾರೂ ಅಲ್ಲ, ಯಿತ್ಝಾಕ್ ರಬಿನ್.

ಗೆದ್ದ ಸೇನಾಪತಿ ಏನು ಮಾತಾಡ್ತಾನೆ ಅಂದ್ಕೋತೀರಿ? ಎದೆ ತಟ್ಟಿಕೊಳ್ತಾನೆ ಅಲ್ವಾ? ರಬಿನ್ ಹಾಗೆ ಮಾಡಲಿಲ್ಲ. ತನ್ನ ಸೈನಿಕರ ಸಂಭ್ರಮದಲ್ಲಿ ದುಃಖವೂ ಬೆರೆತಿದೆ, ಸತ್ತ ಗೆಳೆಯರನ್ನಷ್ಟೇ ಅಲ್ಲ, ಶತ್ರು ತೆತ್ತ ಬೆಲೆಯನ್ನೂ ಅವರು ಕಣ್ಣಾರೆ ಕಂಡಿದ್ದಾರೆ ಅಂತ ಹೇಳಿದರು. ಇಸ್ರೇಲಿನಲ್ಲಿ ಇವತ್ತಿಗೂ ನೆನೆಸಿಕೊಳ್ಳುವ ಭಾಷಣ ಅದು.

ಲೈಬೋವಿಚ್ ಅದಕ್ಕಿಂತ ಬಹಳ ಮುಂದೆ ಹೋದರು. ಗೆದ್ದ ನೆಲ ಬಿಟ್ಟುಕೊಡಿ ಅಂದರು. ಅವರ ತರ್ಕ ಸರಳ. ಲಕ್ಷಾಂತರ ಅರಬ್ಬರನ್ನ ಅವರ ಇಷ್ಟಕ್ಕೆ ವಿರುದ್ಧವಾಗಿ ಆಳಲು ಹೊರಟರೆ ಗೂಢಚಾರರ ಪಡೆ ಬೇಕು, ಮಾಹಿತಿದಾರರು ಬೇಕು, ಜೈಲು ಬೇಕು. ಕೊನೆಗೆ ದೇಶವೇ ರಹಸ್ಯ ಪೊಲೀಸರ ರಾಜ್ಯವಾಗುತ್ತೆ. ಶಾಲೆ, ವಾಕ್ ಸ್ವಾತಂತ್ರ್ಯ, ಪ್ರಜಾಪ್ರಭುತ್ವ ಎಲ್ಲಕ್ಕೂ ಅದರ ಕೊಳೆ ಅಂಟುತ್ತೆ. 1968ರಲ್ಲೇ ಇದನ್ನ ಬರೆದಿಟ್ಟರು. ಗೆಲುವಿನ ಅಮಲಿನಲ್ಲಿದ್ದ ದೇಶಕ್ಕೆ ಇದು ರುಚಿಸುತ್ತಾ?

ಇದನ್ನ ಹೇಳಿದವರು ನಾಸ್ತಿಕರಾಗಿದ್ದರೆ ತಳ್ಳಿಹಾಕೋದು ಸುಲಭವಿತ್ತು. ಇವರು ಧರ್ಮದ ಒಳಗೆ ನಿಂತೇ ಹೇಳ್ತಿದ್ದರು. ಅವರ ಪ್ರಕಾರ ಧರ್ಮ ಅಂದರೆ ದೇವರ ಸೇವೆ, ಅಷ್ಟೇ. ದೇಶ ಅನ್ನೋದು ಮನುಷ್ಯರ ಅನುಕೂಲಕ್ಕೆ ಇರುವ ಸಲಕರಣೆ. ನೆಲವನ್ನ, ಸೇನೆಯನ್ನ, ಸರ್ಕಾರವನ್ನ ಪವಿತ್ರ ಅಂದರೆ ಅದು ವಿಗ್ರಹಾರಾಧನೆ, ಯಹೂದಿ ಧರ್ಮದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಪ. ಯಹೂದಿಗಳ ಅತಿ ಪವಿತ್ರ ಪಶ್ಚಿಮ ಗೋಡೆಗೆ ಹೀಬ್ರೂನಲ್ಲಿ ಕೋಟೆಲ್ ಅಂತಾರೆ. 1967ರ ನಂತರ ಅಲ್ಲಿ ನಡೆದ ಉತ್ಸವಗಳನ್ನ ನೋಡಿ ಇವರು ಅದಕ್ಕೆ 'ಡಿಸ್ಕೋಟೆಲ್' ಅಂತ ಹೆಸರಿಟ್ಟರು. ಎಷ್ಟು ಜನ ಕೆರಳಿರಬೇಕು, ಊಹಿಸಿ.

ಕೆರಳಿದರೂ ಮೈಕ್ ಮಾತ್ರ ಕಿತ್ತುಕೊಳ್ಳಲಿಲ್ಲ. ಕಥೆಯ ಮಜಾ ಇರೋದು ಇಲ್ಲೇ. ಇಸ್ರೇಲಿ ಸೇನೆಯದ್ದೇ ಒಂದು ರೇಡಿಯೋ ಇದೆ, ಗಾಲೇ ತ್ಸಹಾಲ್. 1977ರಲ್ಲಿ ಅದು ಟೆಲ್ ಅವಿವ್ ಯೂನಿವರ್ಸಿಟಿ ಜೊತೆ ಸೇರಿ 'ಪ್ರಸಾರ ವಿಶ್ವವಿದ್ಯಾಲಯ' ಶುರು ಮಾಡಿತು. ಪ್ರೊಫೆಸರ್‌ಗಳ ಉಪನ್ಯಾಸ ನೇರ ಜನರ ಮನೆಗೆ, ಅಡುಗೆಮನೆಗೆ, ಟ್ಯಾಕ್ಸಿಗೆ. ಆಮೇಲೆ ಅವೇ ಚಿಕ್ಕ ಚಿಕ್ಕ ಪುಸ್ತಕಗಳಾಗಿ ಬಂದವು. ಪ್ರಕಾಶಕರು ಯಾರು ಗೊತ್ತಾ? ರಕ್ಷಣಾ ಸಚಿವಾಲಯ! ಆ ಸರಣಿಯಲ್ಲಿ ಲೈಬೋವಿಚ್ ಮಧ್ಯಯುಗದ ಮಹಾ ತತ್ತ್ವಜ್ಞಾನಿ ಮೈಮೊನಿಡೀಸ್ ಬಗ್ಗೆ ಉಪನ್ಯಾಸ ಕೊಟ್ಟರು. ಸ್ಪೇನ್‌ನಲ್ಲಿ ಹುಟ್ಟಿ ಈಜಿಪ್ಟ್‌ನಲ್ಲಿ ಆಸ್ಥಾನ ವೈದ್ಯನಾಗಿದ್ದ ಮೈಮೊನಿಡೀಸ್ ತನ್ನ ಮುಖ್ಯ ತತ್ತ್ವಗ್ರಂಥವನ್ನ ಬರೆದಿದ್ದು ಅರಬ್ಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ. ಯಹೂದಿ ಚಿಂತನೆ ಮತ್ತು ಅರಬ್ ಲೋಕ ಒಂದೇ ಮನೆಯಲ್ಲಿ ಬಾಳಿದ ಕಾಲವೂ ಇತ್ತು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಂತ ಲೈಬೋವಿಚ್ ಆಡಿದ್ದೆಲ್ಲ ಮುತ್ತು ಅಂತ ನಾನು ಹೇಳಲ್ಲ. 1982ರ ಲೆಬನಾನ್ ಯುದ್ಧದ ಹೊತ್ತಿಗೆ ಅವರ ನಾಲಿಗೆ ತುಂಬ ಹರಿತವಾಗಿತ್ತು. ಸೇನೆಯಲ್ಲಿ ಬೆಳೀತಿರೋ ಮನಸ್ಥಿತಿಗೆ 'ಜೂಡಿಯೋ-ನಾಜಿ' ಅಂದರು. ಹಿಟ್ಲರನ ಶಿಬಿರಗಳಿಂದ ಬದುಕಿ ಬಂದವರು ಇರುವ ದೇಶದಲ್ಲಿ ಆ ಶಬ್ದ ಎಂಥಾ ಗಾಯ ಮಾಡುತ್ತೆ! ಆಕ್ರಮಿತ ಪ್ರದೇಶಗಳಲ್ಲಿ ಸೇವೆ ಮಾಡಲು ನಿರಾಕರಿಸಿ ಅಂತ ಸೈನಿಕರಿಗೆ ಕರೆ ಕೊಟ್ಟರು. ಮಕ್ಕಳನ್ನ ಗಡಿಗೆ ಕಳಿಸಿದ ತಾಯಂದಿರಿಗೆ ಕೋಪ ಬಂದರೆ ತಪ್ಪು ಅನ್ನೋಕಾಗುತ್ತಾ? 1993ರಲ್ಲಿ ರಬಿನ್ ಸಿಟ್ಟಾಗಿದ್ದಕ್ಕೆ ಕಾರಣ ಇದೇ. ಪ್ರಶಸ್ತಿ ಗಲಾಟೆಗೆ ಕೊನೆ ಹಾಡಿದವರು ಲೈಬೋವಿಚ್ ಅವರೇ. ನನಗೆ ಬೇಡ ಅಂತ ಹಿಂದೆ ಸರಿದರು.

ಅಲ್ಲಿಗೆ ಕಥೆ ಮುಗೀತಾ? ಇಲ್ಲ. ಅದೇ ವರ್ಷ ಸೆಪ್ಟೆಂಬರ್ 13. ವಾಷಿಂಗ್ಟನ್‌ನ ಶ್ವೇತಭವನದ ಅಂಗಳ. ರಬಿನ್ ಮತ್ತು ಯಾಸೆರ್ ಅರಾಫತ್ ಕೈಕುಲುಕಿದರು. ಓಸ್ಲೋ ಒಪ್ಪಂದ. 1967ರಲ್ಲಿ ನೆಲ ಗೆದ್ದ ಸೇನಾಪತಿಯೇ ಅದರಲ್ಲಿ ಒಂದು ಭಾಗದ ಆಡಳಿತವನ್ನ ಪ್ಯಾಲೆಸ್ತೀನಿಯರಿಗೆ ಬಿಟ್ಟುಕೊಡಲು ಒಪ್ಪಿದರು! 1994ರ ಆಗಸ್ಟ್‌ನಲ್ಲಿ ಲೈಬೋವಿಚ್ ತೀರಿಕೊಂಡರು. 1995ರ ನವೆಂಬರ್ 4ರ ರಾತ್ರಿ, ಟೆಲ್ ಅವಿವ್‌ನ ಶಾಂತಿ ಸಭೆ ಮುಗಿಸಿ ಕಾರಿನ ಕಡೆ ಹೊರಟ ರಬಿನ್ ಮೇಲೆ ಗುಂಡು ಬಿತ್ತು. ಕೊಂದವನು ಅರಬ್ ಅಲ್ಲ. ಯಹೂದಿ. ಬಾರ್-ಇಲಾನ್ ಯೂನಿವರ್ಸಿಟಿಯ ಕಾನೂನು ವಿದ್ಯಾರ್ಥಿ. ಒಬ್ಬನ ಅಪರಾಧಕ್ಕೆ ಇಡೀ ಸಂಸ್ಥೆಯನ್ನ ಹೊಣೆ ಮಾಡೋದು ಸರಿಯಲ್ಲ. ಆದರೆ ಅವನು ತನ್ನ ಸಮರ್ಥನೆಗೆ ಎಳೆದು ತಂದದ್ದು ಧರ್ಮಶಾಸ್ತ್ರವನ್ನ. ನೆಲವೇ ದೇವರಾದರೆ ಮನುಷ್ಯ ಬಲಿಯಾಗ್ತಾನೆ ಅನ್ನೋ ಭಯ ನಿಜವಾಗಿದ್ದು ಅವತ್ತು, ಬಲಿಯಾದವರು ದೇಶದ ಪ್ರಧಾನಿ.

ಎರಡು ದಶಕ ದಾಟಿ ಬನ್ನಿ. 2015ರ ಜೂನ್. ಹೆರ್ಜ್ಲಿಯಾ ಸಮ್ಮೇಳನದ ವೇದಿಕೆಯಲ್ಲಿ ರಾಷ್ಟ್ರಪತಿ ರೂವೆನ್ ರಿವ್ಲಿನ್ ಒಂದು ಭಾಷಣ ಮಾಡಿದರು. ಇಸ್ರೇಲಿ ಸಮಾಜ ಅಂದರೆ ಈಗ ನಾಲ್ಕು ಬುಡಕಟ್ಟು ಅಂದರು. ಲೌಕಿಕ ಯಹೂದಿಗಳು, ರಾಷ್ಟ್ರೀಯ-ಧಾರ್ಮಿಕ ಯಹೂದಿಗಳು, ಹರೇದಿ ಅನ್ನುವ ಕಟ್ಟಾ ಸಂಪ್ರದಾಯಸ್ಥರು, ಮತ್ತು ಅರಬ್ಬರು. ಒಂದನೇ ತರಗತಿ ಮಕ್ಕಳ ಲೆಕ್ಕ ಮುಂದಿಟ್ಟರು: ಸುಮಾರು 38% ಲೌಕಿಕ ಸರ್ಕಾರಿ ಶಾಲೆ, 15% ಧಾರ್ಮಿಕ ಸರ್ಕಾರಿ ಶಾಲೆ, ಹೆಚ್ಚುಕಡಿಮೆ ಕಾಲುಭಾಗ ಅರಬ್ ಶಾಲೆ, ಕಾಲುಭಾಗದ ಹತ್ತಿರ ಹರೇದಿ ಶಾಲೆ. ನಾಲ್ವರಿಗೆ ನಾಲ್ಕು ಬಗೆಯ ಶಾಲೆ. ಅಂದರೆ ಬೇರೆ ಬೇರೆ ಬುಡಕಟ್ಟಿನ ಮಕ್ಕಳು ಒಂದೇ ಬೆಂಚಿನ ಮೇಲೆ ಕೂರೋ ಅವಕಾಶ ಹೆಚ್ಚಾಗಿ ಸಿಗೋದು ಎಲ್ಲಿ? ಯೂನಿವರ್ಸಿಟಿಯಲ್ಲಿ. ಆ ಉಪನ್ಯಾಸ ಸಭಾಂಗಣದ ಬೆಲೆ ಏನು ಅಂತ ಈಗ ಗೊತ್ತಾಯ್ತಲ್ಲ?

ಆ ಬೆಂಚಿಗೂ ರಕ್ತ ಅಂಟಿದೆ. 2002ರ ಜುಲೈ 31ರಂದು ಮೌಂಟ್ ಸ್ಕೋಪಸ್ ಕ್ಯಾಂಪಸ್‌ನ ಕೆಫೆಟೇರಿಯಾದಲ್ಲಿ ಹಮಾಸ್ ಬಾಂಬ್ ಸಿಡಿಸಿತು. 9 ಜನ ಸತ್ತರು. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನರ ಕೊಲೆ ಆಯ್ತು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಪ್ಯಾಲೆಸ್ತೀನಿಯರು ಸತ್ತರು, ಅಲ್ಲಿನ ಯೂನಿವರ್ಸಿಟಿ ಕಟ್ಟಡಗಳೂ ನೆಲಸಮ ಆದವು. ಅವರ ಉಪನ್ಯಾಸ ಸಭಾಂಗಣ ಈಗ ಕಲ್ಲುಮಣ್ಣಿನ ರಾಶಿ. 2024ರ ಮಾರ್ಚ್‌ನಲ್ಲಿ ಅದೇ ಹೀಬ್ರೂ ಯೂನಿವರ್ಸಿಟಿ ತನ್ನ ಪ್ಯಾಲೆಸ್ತೀನಿ ಪ್ರಾಧ್ಯಾಪಕಿಯೊಬ್ಬರನ್ನ ಅವರ ಹೇಳಿಕೆಗಳಿಗಾಗಿ ಅಮಾನತು ಮಾಡಿತು. ಕೆಲವೇ ವಾರದಲ್ಲಿ ಹಿಂದಕ್ಕೆ ತೆಗೆದುಕೊಂಡಿತು ಅನ್ನೋದು ನಿಜ. ಆದರೆ ಪ್ರಶ್ನೆ ಉಳೀತು. ಲೈಬೋವಿಚ್ ಎಷ್ಟು ಕಟುವಾಗಿ ಬೈದರೂ ಅವರು ಮನೆಯ ಹಿರಿಯರು. ಅದೇ ಮೈಕ್ ಅರಬ್ ಮಹಿಳೆಯ ಕೈಗೆ ಹೋದಾಗ ಸಹನೆ ಯಾಕೆ ಅಷ್ಟು ಬೇಗ ಕಡಿಮೆಯಾಗುತ್ತೆ?

ಕೊನೆಯದಾಗಿ ಒಂದು ಸಿನಿಮಾ ವಿಷಯ. 2012ರಲ್ಲಿ 'ದಿ ಗೇಟ್‌ಕೀಪರ್ಸ್' ಅಂತ ಒಂದು ಸಾಕ್ಷ್ಯಚಿತ್ರ ಬಂತು. ಶಿನ್ ಬೆತ್ ಅಂದರೆ ಇಸ್ರೇಲಿನ ಆಂತರಿಕ ಗುಪ್ತಚರ ಸಂಸ್ಥೆ. ಅದರ ಆರು ಮಾಜಿ ಮುಖ್ಯಸ್ಥರು ಕ್ಯಾಮೆರಾ ಮುಂದೆ ಕೂತು ಮಾತಾಡಿದ್ದಾರೆ. ಅವರಲ್ಲಿ ಒಬ್ಬರು ಯುವಾಲ್ ಡಿಸ್ಕಿನ್. ನಿರ್ದೇಶಕರು ಅವರಿಗೆ ಲೈಬೋವಿಚ್ ಬರೆದಿಟ್ಟ ಆ ಎಚ್ಚರಿಕೆಯನ್ನ ಓದಿ ಹೇಳ್ತಾರೆ. ಡಿಸ್ಕಿನ್ ಅದರ ಪ್ರತಿ ಶಬ್ದವನ್ನೂ ಒಪ್ಪುತ್ತಾರೆ. ರಹಸ್ಯ ಪೊಲೀಸರ ರಾಜ್ಯ ಆಗುತ್ತೆ ಅಂತ ಮೇಷ್ಟ್ರು ಎಚ್ಚರಿಸಿದ್ದರು. ನಾಲ್ಕು ದಶಕ ಕಳೆದ ಮೇಲೆ ಆ ರಹಸ್ಯ ಪೊಲೀಸರ ಮುಖ್ಯಸ್ಥರಾಗಿದ್ದವರೇ ಹೌದು ಅಂದರು. ಬೂಬರ್ ಹೇಳಿದ ಯೆಶಾಯನ ಕಥೆ ನೆನಪಾಯ್ತಾ?

ಎಂಜಿನಿಯರಿಂಗ್‌ನಲ್ಲಿ ಒಂದು ಮೊದಲ ಪಾಠ ಇದೆ. ಬಾಯ್ಲರ್‌ಗೆ ಪ್ರೆಶರ್ ಗೇಜ್ ಕೂರಿಸಿದರೆ ಸಾಲದು. ಮುಳ್ಳು ಕೆಂಪು ಗೆರೆ ದಾಟಿದಾಗ ವಾಲ್ವ್ ತೆರೆಯೋಕೆ ಯಾರಾದರೂ ಇರಬೇಕು. ಗೇಜ್ ಒಡೆದು ಹಾಕುವ ದೇಶಗಳು ಬೇಕಾದಷ್ಟಿವೆ. ಇಸ್ರೇಲ್ ಅದನ್ನ ಒಡೆಯಲಿಲ್ಲ. ಒರೆಸಿ, ಹೊಳಪು ಕೊಟ್ಟು, ಪ್ರಶಸ್ತಿಯನ್ನೂ ಕೊಡೋಕೆ ಹೊರಟಿತು. ವಾಲ್ವ್ ಮಾತ್ರ ತೆರೆಯಲಿಲ್ಲ. ತೆರೆಯಲು ಕೈ ಚಾಚಿದವರು ರಬಿನ್. ಆ ಕೈಯನ್ನ ಗುಂಡಿಟ್ಟು ತಡೆದರು.

ಮೈಕ್ ಕೊಡೋದು ಬೇರೆ, ಕಿವಿ ಕೊಡೋದು ಬೇರೆ. ಮೊದಲನೆಯದಕ್ಕೆ ಸಭಾಂಗಣ ಇದ್ದರೆ ಸಾಕು. ಎರಡನೆಯದಕ್ಕೆ ಗೆದ್ದಾಗಲೂ ತಗ್ಗುವ ಎದೆ ಬೇಕು. ಹಿಲ್ಲೆಲ್ ಪಂಥದವರು ಎರಡು ಸಾವಿರ ವರ್ಷದ ಹಿಂದೆ ಎದುರಾಳಿಯ ಮಾತನ್ನ ಮೊದಲು ಹೇಳ್ತಿದ್ದರಲ್ಲ, ಅದಕ್ಕೇ.